ಹುಲ್ಲಿನ ಬೇಲಿ



ಕಡಬದ ನಮ್ಮ ಹಿತ್ತಲ ತೋಟಕ್ಕೆ ಬೇಲಿ ಹಾಕಿಸಿದ ಕಥೆಯನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಬೇಲಿಯ ಬಗ್ಗೆ ಬರೆಯುವುದೇನಿದೆ ಎಂದು ನೀವು ಕೇಳಬಹುದು. ತರಗತಿಯಲ್ಲಿ ನಾನು ಉತ್ತರಿಸದೆ ಬಿಟ್ಟ ಒಂದು ಪ್ರಶ್ನೆಯನ್ನು ಈ ಬೇಲಿಯೇ ನನಗೆ ನೆನಪಿಸಿತು.

ನಮ್ಮ ಬಾಲ್ಯದಲ್ಲಿ ಈ ಸೀಮೆಯ ತೋಟಗಳಿಗೆ ಕಳ್ಳಿ, ಕತ್ತಾಳೆಗಳೇ ಬೇಲಿಯಾಗಿದ್ದವು. ಆಮೇಲೆ ಕಲ್ಲುಕಂಬಗಳೂ ಮುಳ್ಳುತಂತಿಯೂ ಬಂದವು. 2020ರಲ್ಲಿ ಪಕ್ಕದ ಮನೆಯ ಎಳೆಗರುವೊಂದು ನಮ್ಮ ತುಕ್ಕು ಹಿಡಿದ ತಂತಿಗೆ ಸಿಕ್ಕಿ ಕುತ್ತಿಗೆಯ ಚರ್ಮ ಹರಿದುಕೊಂಡಿತು. ಗಾಯವೇನೋ ಮಾಯಿತು, ಆದರೆ ಆ ಕರುವಿನ ಕೂಗು ನನ್ನ ಕಿವಿಯಿಂದ ಹೋಗಲಿಲ್ಲ. ತಂತಿಯನ್ನು ಕೀಳಿಸಿದೆ. ಮಗ ಸಿಮೆಂಟ್ ಕಂಬಕ್ಕೆ ಜಾಲರಿ ಹಾಕಿಸೋಣವೆಂದ. ಪರಿಸರದ ಪಾಠ ಹೇಳಿದ ಬಾಯಿ ನನ್ನದು. ಬಿದಿರೇ ಆಗಬೇಕೆಂದು ಹಟ ಹಿಡಿದೆ.

ಮಳೆಗಾಲದಲ್ಲಿಯೇ ಹಸಿ ಬೊಂಬುಗಳನ್ನು ತರಿಸಿ, ನೆಲದಲ್ಲಿ ಹೂಳಿಸಿ, ಬಣ್ಣ ಬಳಿಸಿದೆ. ವರ್ಷ ತುಂಬುವುದರೊಳಗೆ ಕುಟ್ಟೆ ಹಿಡಿದು ಹಿಟ್ಟು ಉದುರತೊಡಗಿತು. ಬುಡಕ್ಕೆ ಗೆದ್ದಲು ಹತ್ತಿತು. ಎರಡನೆಯ ಮಳೆಗಾಲಕ್ಕೆ ಬೇಲಿ ಮಲಗಿತು. ಮಗ ಏನೂ ಅನ್ನಲಿಲ್ಲ, ಅಂದಿದ್ದರೆ ವಾಸಿಯಾಗಿತ್ತು.

ಆಗ ನೆನಪಾದವನು ಮೇದರ ಮನೆತನದ ನನ್ನ ಹಳೆಯ ವಿದ್ಯಾರ್ಥಿ. ತೊಂಬತ್ತರ ದಶಕದಲ್ಲಿ ಒಂದು ದಿನ, ಬಿದಿರು ಹುಲ್ಲಿನ ಕುಟುಂಬಕ್ಕೆ ಸೇರಿದ ಸಸ್ಯ ಎಂದು ನಾನು ಪಾಠ ಮಾಡುತ್ತಿದ್ದೆ. ಅವನು ಎದ್ದು ನಿಂತು, "ಸಾರ್, ಹುಲ್ಲಾದ್ರೆ ಸಾಗಿಸೋಕೆ ಪರ್ಮಿಟ್ ಯಾಕೆ ಕೇಳ್ತಾರೆ? ನಮ್ಮಪ್ಪನ್ನ ಮೊನ್ನೆ ದಾರೀಲಿ ನಿಲ್ಲಿಸಿದ್ರು" ಎಂದ. ತರಗತಿ ನಕ್ಕಿತು. "ಪರೀಕ್ಷೆಗೆ ಬೇಕಾದ್ದನ್ನು ಬರೆದುಕೋ, ಕುಳಿತುಕೋ" ಎಂದೆ. ಅವನು ಕುಳಿತ. ಆಮೇಲೆ ನನ್ನ ಪಾಠದಲ್ಲಿ ಅವನು ಮತ್ತೆ ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ.

ಅವನ ಪ್ರಶ್ನೆಯೇ ಸರಿಯಾಗಿತ್ತು. 1927ರ ಭಾರತೀಯ ಅರಣ್ಯ ಕಾಯಿದೆಯು ಮರದ ವ್ಯಾಖ್ಯೆಯೊಳಗೆ ಬಿದಿರನ್ನೂ ಸೇರಿಸಿತ್ತು. 2006ರ ಅರಣ್ಯ ಹಕ್ಕು ಕಾಯಿದೆಯು ಅದನ್ನು ಕಿರು ಅರಣ್ಯ ಉತ್ಪನ್ನವೆಂದು ಗುರುತಿಸಿತು. 2017ರ ತಿದ್ದುಪಡಿಯಲ್ಲಿ 1927ರ ಕಾಯಿದೆಯ ಆ ವ್ಯಾಖ್ಯೆಯಿಂದ ಬಿದಿರನ್ನು ಕೈಬಿಡಲಾಯಿತು. ಪುಸ್ತಕಕ್ಕೂ ಕಾಯಿದೆಗೂ ಇದ್ದ ವಿರೋಧವನ್ನು ಹದಿನೈದರ ಹುಡುಗ ಕಂಡಿದ್ದ; ಬಿ.ಎಡ್. ಮಾಡಿದ ಮೇಷ್ಟ್ರು ಕಂಡಿರಲಿಲ್ಲ.

ಹೇಳಿಕಳುಹಿಸಿದಾಗ ಅವನು ತನ್ನ ವೃದ್ಧ ತಂದೆಯನ್ನೂ ಕರೆತಂದ. ಆ ಹಿರಿಯರು ಬಿದ್ದ ಬೊಂಬೊಂದನ್ನು ಮುರಿದು ನೋಡಿ, "ಮೇಷ್ಟ್ರೇ, ಎಳೇದು ಕಡ್ದವ್ರೆ, ಮಳೇಲಿ ಕಡ್ದವ್ರೆ, ನೀರಿಗೆ ಹಾಕಿಲ್ಲ. ಹುಳ ಬಿಡ್ತದಾ?" ಎಂದರು. ಮೂರು ವರ್ಷ ತುಂಬಿದ ಗಳಗಳನ್ನು ಮಾತ್ರ ಆರಿಸಿ, ಮಳೆಗಾಲ ಕಳೆದ ಮೇಲೆ ಕಡಿಯಬೇಕು. ಎಳೆಯವನ್ನು ಬಿಟ್ಟರೆ ಮೆಳೆಯೂ ಉಳಿಯುತ್ತದೆ. ಕಡಿದುದನ್ನು ಕೆಲವು ವಾರ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಬೇಕು. ಹುಳುವನ್ನು ಸೆಳೆಯುವುದು ಗಳದೊಳಗಿನ ಪಿಷ್ಟ. ನೆನೆಸಿದಾಗ ಅದರ ಬಹುಭಾಗ ನೀರಿಗೆ ಬಿಡುತ್ತದೆ. ಈ ವಿವರಣೆ ನನ್ನದು, ವಿದ್ಯೆ ಅವರದು. ಅಮಾವಾಸ್ಯೆಯ ಹತ್ತಿರ ಕಡಿಯಬೇಕೆಂದೂ ಹೇಳಿದರು. ಅದನ್ನು ನಾನು ಪರೀಕ್ಷಿಸಿ ನೋಡಿಲ್ಲ. ಆದರೆ ಈ ಬಾರಿ ಎದುರು ಮಾತಾಡಲಿಲ್ಲ.

ಬಿದಿರನ್ನು ಮಣ್ಣಿಗೆ ತಾಗಿಸಬಾರದೆಂಬುದು ಅವರ ಕೊನೆಯ ಮಾತು. ಹಾಗಾಗಿ ಹಳೆಯ ಕಲ್ಲುಕಂಬಗಳನ್ನೇ ಉಳಿಸಿಕೊಂಡೆವು. ನಡುವೆ ಬಿದಿರ ದಬ್ಬೆಗಳನ್ನು ನೆಲದಿಂದ ಒಂದು ಗೇಣು ಮೇಲಕ್ಕೆ ನಿಲ್ಲಿಸಿ, ತೆಂಗಿನ ನಾರಿನ ಹಗ್ಗದಿಂದ ಬಿಗಿದೆವು. 2022ರ ಚಳಿಗಾಲದಲ್ಲಿ ಕಟ್ಟಿದ್ದು ಇಂದಿಗೂ ನಿಂತಿದೆ. ಸವೆದ ಹಗ್ಗವನ್ನು ಆಗಾಗ ಬದಲಿಸುತ್ತೇನೆ. ಎರಡೇ ವರ್ಷಕ್ಕೆ ಬಿದ್ದು ಹೋಗುವ ಬೇಲಿ ಬಿದಿರಿನದೇ ಆದರೂ ಪರಿಸರಕ್ಕೆ ಉಪಕಾರಿಯಲ್ಲ. ಬಾಳಿಕೆ ಬಂದಾಗಲೇ ಅದಕ್ಕೆ ಆ ಹೆಸರು ಸಲ್ಲುತ್ತದೆ.

ಕೆಲಸ ಮುಗಿದ ಸಂಜೆ ಕಾಫಿ ಕುಡಿಯುತ್ತಾ, "ನಿನ್ನ ಪ್ರಶ್ನೆಗೆ ಅಂದು ಉತ್ತರ ನನಗೆ ಗೊತ್ತಿರಲಿಲ್ಲಪ್ಪ, ಅದಕ್ಕೇ ಗದರಿಸಿದೆ" ಎಂದೆ. ಅವನು ಬಾಗಿದ ಒಂದು ದಬ್ಬೆಯನ್ನು ಸರಿಪಡಿಸುತ್ತಾ, "ಬುಡಿ ಸಾರ್, ನಂಗೆ ನೆನಪೇ ಇಲ್ಲ" ಎಂದ. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ನನ್ನ ತರಗತಿಯಲ್ಲಿ ಹಾಗೆ ಕುಳಿತುಬಿಟ್ಟವರು ನಿಮ್ಮಲ್ಲಿ ಇನ್ನೂ ಯಾರಾದರೂ ಇದ್ದರೆ, ಆ ಪ್ರಶ್ನೆಯನ್ನು ಈಗಲಾದರೂ ಕೇಳಿರಿ.