ಭಾನುವಾರ ಸರಿ, ಸೋಮವಾರ?

ಕಾರ್ತಿಕದ ಭಾನುವಾರ, ಬೆಳಗ್ಗೆ ಏಳು ಗಂಟೆ. ಮಡಕಶಿರದಿಂದ ಅಮರಾಪುರದ ಕಡೆ ಹೋಗುವ ರಸ್ತೆಯ ಪಕ್ಕದ ಹಳ್ಳಿಯೊಂದರಲ್ಲಿ ನಿಂತಿದ್ದೀರಿ. ಕಡ್ಲೆಕಾಯಿ ಕೀಳುವ ಸುಗ್ಗಿ. ಕೂಲಿ ಹೆಂಗಸರನ್ನು ತುಂಬಿಕೊಂಡ ಟ್ರ್ಯಾಕ್ಟರ್ ಬೀದಿಯಲ್ಲಿ ಗುಡುಗುಡು ಅನ್ನುತ್ತಿದೆ. "ಹೊತ್ತಾಯ್ತು, ಬಾರಮ್ಮೋ!"

ಅಂಗಳದಲ್ಲಿ ತಾಯಿ ಇನ್ನೂ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಹುಡುಗಿಗೆ ಹನ್ನೊಂದು, ಆರನೇ ಕ್ಲಾಸು. ಕಂಕುಳಲ್ಲಿ ಎರಡು ವರ್ಷದ ತಮ್ಮ. ಅವನ ಭಾರಕ್ಕೆ ಅವಳ ಸೊಂಟ ಒಂದು ಕಡೆ ವಾಲಿದೆ.

"ಪಾಪು ಅತ್ರೆ?"

"ಎತ್ತಾಡಿಸ್ತೀನಿ."

"ಹಸಿವಾದ್ರೆ?"

"ಮುದ್ದೆ ಮಾಡಿಟ್ಟಿದ್ದೀಯಲ್ಲ. ಒಲೆ ಮುಟ್ಟಲ್ಲ."

"ಗಂಟ್ಲಲ್ಲಿ ಕಡ್ಲೆಬೀಜ ಸಿಕ್ಕಾಕ್ಕೊಂಡ್ರೆ?"

ಹುಡುಗಿ ಸುಮ್ಮನಾಗುತ್ತಾಳೆ. ಅಂಗಳದ ತುಂಬ ಒಣಹಾಕಿದ ಕಾಯಿ. ಪಾಪು ಆಗಲೇ ಅತ್ತ ಬಗ್ಗಿ ಕೈ ಚಾಚುತ್ತಿದೆ. ಪುಟ್ಟ ಮಕ್ಕಳ ಉಸಿರುನಾಳಕ್ಕೆ ಇಡೀ ಬೀಜ ಎಂಥ ಅಪಾಯ ಎಂದು ಮಕ್ಕಳ ವೈದ್ಯರು ಎಷ್ಟು ಸಲ ಹೇಳಿದ್ದಾರೆ. ಕಡ್ಲೆಕಾಯಿಯಿಂದಲೇ ಬದುಕುವ ಈ ಸೀಮೆಯಲ್ಲಿ ಅದನ್ನು ಮನೆಮನೆಗೂ ಕಲಿಸಬೇಕಿತ್ತು. ತಾಯಿ ಕಲಿಸುತ್ತಾಳೆ. ಪಾಪುವನ್ನು ಮುಂದಕ್ಕೆ ಬಗ್ಗಿಸಿ, ಬೆನ್ನಿನ ಎರಡು ರೆಕ್ಕೆಮೂಳೆಗಳ ನಡುವೆ ಅಂಗೈಯ ಬುಡವಿಟ್ಟು ತೋರಿಸುತ್ತಾಳೆ: ಇಲ್ಲಿ, ಐದು ಸಲ, ಜೋರಾಗಿ. ಕಣ್ಣಿಗೆ ಕಾಣದಿದ್ದರೆ ಬಾಯೊಳಗೆ ಬೆರಳು ಹಾಕಬೇಡ. ಕೂಗುತ್ತಲೇ ಹೊಡಿ, ಅಜ್ಜಿ ಬರಲಿ.

ಎದುರುಮನೆ ಅಜ್ಜಿ ಜಗಲಿಯಿಂದಲೇ ಅನ್ನುತ್ತಾಳೆ: "ಎಂಟು ವರ್ಷಕ್ಕೆಲ್ಲ ನಾನು ಇಬ್ರು ತಮ್ಮಂದಿರ್ನ ಸಾಕಿದ್ದೆ ಕಣವ್ವ." ನಿಜವೇ. ಆದರೆ ಆಗ ಓಣಿಯ ತುಂಬ ದೊಡ್ಡವರಿದ್ದರು. ಆ ಎಂಟು ವರ್ಷದವಳು ಯಾವತ್ತೂ ಒಂಟಿಯಾಗಿರಲಿಲ್ಲ. ಶಾಲೆಗೂ ಹೋಗಲಿಲ್ಲ.

ತಾಯಿ ಕಾಯಿಯನ್ನೆಲ್ಲ ಒಳಗೆ ಗುಡಿಸಿ ಚಿಲಕ ಹಾಕುತ್ತಾಳೆ. ನೀರಿನ ತೊಟ್ಟಿಗೆ ಚಪ್ಪಡಿ ಮುಚ್ಚುತ್ತಾಳೆ. ಹೊಲಕ್ಕೆ ಹೊಡೆಯುವ ಔಷಧಿ ಡಬ್ಬಿ ಅಟ್ಟಕ್ಕೇರುತ್ತದೆ. "ಅರ್ಧ ದಿನದ ಕೂಲಿ ಸಾಕು, ಉಣ್ಣೋ ಹೊತ್ತಿಗೆ ಬತ್ತೀನಿ." ಇಂತಿಷ್ಟು ವಯಸ್ಸಾದರೆ ತಮ್ಮನನ್ನು ಒಪ್ಪಿಸಬಹುದು ಎಂದು ನಮ್ಮ ಯಾವ ಕಾನೂನೂ ಹೇಳಿಲ್ಲ. ಎಷ್ಟು ಹೊತ್ತು, ಕೂಗಿದರೆ ಓಗೊಡುವ ದೊಡ್ಡವರು ಎಷ್ಟು ದೂರ, ಇವೆರಡನ್ನೇ ಈ ತಾಯಿ ಅಳೆದಳು. ಅಳೆದದ್ದು ಸರಿಯಾಗಿಯೇ ಇದೆ.

ರಾಯದುರ್ಗದ ಓಣಿಗಳಲ್ಲಿ ಈ ಅಳತೆ ಬೇರೆ. ಅದು ಜೀನ್ಸ್ ಹೊಲಿಯುವ ಊರು. ತಾಯಿ ಮಿಷಿನ್ ಮುಂದೆ, ಪಕ್ಕದಲ್ಲೇ ಮಗಳು ಒಂದು ಕೈಯಲ್ಲಿ ಜೋಲಿ ತೂಗುತ್ತ ಕೂತರೆ ಕೂಸಿಗೇನೂ ಭಯವಿಲ್ಲ. ಭಯವಿರುವುದು ಆ ಮಗಳಿಗೆ. ಜೋಲಿ ತೂಗುವ ಕೈ ಶಾಲೆಯ ದಿನವೂ ಬೇಕಾಗಿಬಿಡುತ್ತದೆ. ಮನೆಯ ಗಂಡುಹುಡುಗನಿಗೆ ಆ ಜೋಲಿಯ ಹಗ್ಗ ಕೊಟ್ಟದ್ದನ್ನು ನೀವು ಎಷ್ಟು ಕಡೆ ನೋಡಿದ್ದೀರಿ?

ಸೋಮವಾರ ಅದೇ ಟ್ರ್ಯಾಕ್ಟರ್ ಬರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕರವರೆಗಿನ ಮಕ್ಕಳದ್ದು. 2016ರಲ್ಲಿ ತಿದ್ದಿದ ಬಾಲಕಾರ್ಮಿಕ ಕಾಯ್ದೆಯೂ ಮನೆಯವರಿಗೆ ಮಕ್ಕಳು ನೆರವಾಗುವುದನ್ನು ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಮಾತ್ರ ಒಪ್ಪುತ್ತದೆ. ಹುಡುಗಿ ಯೂನಿಫಾರ್ಮ್ ತೊಟ್ಟಿದ್ದಾಳೆ. ಅಂಗನವಾಡಿಯಲ್ಲಿ ಕೂರಿಸಲು ಪಾಪುಗೆ ಮೂರು ತುಂಬಿಲ್ಲ. ತಾಯಿ ಅವನನ್ನೆತ್ತಿಕೊಂಡೇ ಟ್ರ್ಯಾಕ್ಟರ್ ಹತ್ತುತ್ತಾಳೆ. ಒಳಗೆ ಇನ್ನೂ ನಾಲ್ಕು ಚಿಕ್ಕ ಮಕ್ಕಳು.

2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ, ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಕೂಲಿ ಕೊಟ್ಟು ಕೂರಿಸಬೇಕೆಂದು ಬರೆದರು. ಖಾಸಗಿ ಹೊಲಕ್ಕೆ ಅದು ತಾಗಲಿಲ್ಲ. ತಾಗಬೇಕಿತ್ತು.

"ಅಣ್ಣಾ, ಖಾತ್ರಿ ಕೆಲಸ್ದಾಗೆ ಒಬ್ರು ಮಕ್ಕಳ್ನ ನೋಡ್ಕೊಂತಿದ್ರು. ಇಲ್ಲೂ ಒಬ್ರು ಬೇವಿನ ಮರದಡಿ ಕೂರ್ತೀವಿ. ಅವ್ರಿಗೂ ಪೂರ್ತಿ ಕೂಲಿ ಬರೀಬೇಕು," ತಾಯಿ ಮೇಸ್ತ್ರಿಗೆ ಹೇಳುತ್ತಾಳೆ.

"ಹೊಲದೋರ್ನ ಕೇಳ್ಬೇಕಮ್ಮ."

"ಕೇಳಣ್ಣ. ಈಗ್ಲೇ ಫೋನ್ ಮಾಡು."