ಹೆಮಿಯಾಕಿನ ಹೊನ್ನು

ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ, ಕಲ್ಮ್ ನದಿಯ ಕಣಿವೆಯಲ್ಲಿ, ಹೆಮಿಯಾಕ್ ಎಂಬ ಹಳ್ಳಿಯುಂಟು. ಮಗನೊಡನೆ ನಾವು ಅಲ್ಲಿಗೆ ಹೋದುದು ಅಲ್ಲಿಯ ಪಾಳುಗೋಟೆಯನ್ನು ನೋಡಲಲ್ಲ. 2021ರಲ್ಲಿ ಚಿನ್ನದ ನಾಣ್ಯವೊಂದು ದೊರೆತ ನೆಲವನ್ನು ಕಣ್ಣಾರೆ ಕಾಣಬೇಕೆಂಬ ಚಾಪಲ್ಯದಿಂದ. ಕಂಡುದು ಬರಿಯ ಹಸುರು ಹೊಲ, ಬೇಲಿ.

ಮೂರನೆಯ ಹೆನ್ರಿ ದೊರೆಯು 1257ರಲ್ಲಿ ಈ ನಾಣ್ಯವನ್ನು ಟಂಕಿಸಿದನು. ಒಂದು ಪಾರ್ಶ್ವದಲ್ಲಿ ಸಿಂಹಾಸನಾರೂಢನಾದ ದೊರೆ. ಮತ್ತೊಂದರಲ್ಲಿ ಶಿಲುಬೆ, ಅದರ ಮೂಲೆಗಳಲ್ಲಿ ಗುಲಾಬಿ. ತೂಕ ಬೆಳ್ಳಿಯ ಪೆನ್ನಿಯ ಇಮ್ಮಡಿ. ಬೆಲೆ ಅಂತಹ 20 ಪೆನ್ನಿ. ದೊರೆಯು ಲಂಡನ್ನಿನ ಪೌರರನ್ನು ಕರೆಯಿಸಿ ಅಭಿಪ್ರಾಯ ಕೇಳಲು ಅವರು ಮುಖಸ್ತುತಿ ಮಾಡಲಿಲ್ಲ. ಎಷ್ಟೋ ಬಡವರ ಮನೆಯ ಸಾಮಾನೆಲ್ಲ ಸೇರಿದರೂ ಇಂತಹ ಒಂದು ನಾಣ್ಯದ ಬೆಲೆ ಬಾಳದೆಂದು ಅರಿಕೆ ಮಾಡಿದರು. ಬೇಡವೆಂಬವರು ಅದನ್ನು ತೆಗೆದುಕೊಳ್ಳಬೇಕಾಗಿಲ್ಲವೆಂದು ದೊರೆಯು ಒಪ್ಪಿದನು. ದೊರೆಗಳಲ್ಲಿ ಇದು ಅಪೂರ್ವವೇ ಸರಿ! ಬಳಿಕ ಅದರೊಳಗಿನ ಚಿನ್ನವೇ 20 ಪೆನ್ನಿಗಿಂತ ಹೆಚ್ಚು ಬೆಲೆಯದಾಗಲು ನಾಣ್ಯಗಳು ಮೂಸೆಯನ್ನು ಸೇರಿದುವು. ಈಗ ತಿಳಿದುಬಂದಿರುವುವು ಹತ್ತಕ್ಕೂ ಕಡಮೆ.

ಹೆಮಿಯಾಕಿನ ನಾಣ್ಯವು 2022ರ ಹರಾಜಿನಲ್ಲಿ, ಹರಾಜಿನವರ ಕಮಿಷನ್ ಸೇರಿ, 6,48,000 ಪೌಂಡಿಗೆ ಹೋಯಿತು.

ಮಗನು ನಗುತ್ತಿದ್ದನು. ಆದರೂ ಹಿಂದಿರುಗುವ ಕಾಲುದಾರಿಯಲ್ಲಿ ಊರುಗೋಲು ಕಲ್ಲಿಗೆ ತಗುಲಿದಾಗಲೆಲ್ಲ ಬಗ್ಗಿ ನೋಡದಿರಲು ನಮ್ಮಿಂದಾಗಲಿಲ್ಲ.