ರೇಸ್ ಇಳಿಯದ ಕಾರು ಮತ್ತು ನನ್ನ ಲೆಕ್ಕದ ಪುಸ್ತಕ

ನಮ್ಮ ಅಬ್ಬಾ ಹಳದಿ ಬೋರ್ಡಿನ ಪೆಟ್ರೋಲ್ ಕಾರು ಓಡಿಸುತ್ತಾರೆ. ಬೆಳಿಗ್ಗೆ ಶಾಲೆಯ ಮಕ್ಕಳು, ಮಧ್ಯಾಹ್ನ ಆಸ್ಪತ್ರೆಗೆ ಹೋಗುವವರು, ಸಂಜೆ ರೈಲ್ವೆ ಸ್ಟೇಷನ್ನಿನ ಬಾಡಿಗೆ. ಮನೆಯ ರೇಷನ್ನು, ನನ್ನ ಮತ್ತು ತಮ್ಮನ ಫೀಸು ಎಲ್ಲವೂ ಆ ಕಾರಿನಿಂದಲೇ ಬರಬೇಕು. ನಾನು ಪಿಯುಸಿಯಲ್ಲಿ ಕಾಮರ್ಸ್ ತೆಗೆದುಕೊಂಡ ಮೇಲೆ ಕಾರಿನ ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ದಿನಾಂಕ, ಓಡಿದ ಕಿಲೋಮೀಟರ್, ಹಾಕಿಸಿದ ಪೆಟ್ರೋಲ್, ಬಂದ ಬಾಡಿಗೆ, ರಿಪೇರಿ ಖರ್ಚು ಎಂದು ಐದು ಕಾಲಂ ಹಾಕಿ ಪ್ರತಿ ರಾತ್ರಿ ಬರೆಯುತ್ತೇನೆ.

ದಸರಾ ರಜೆಯ ಸಮಯದಲ್ಲಿ ಕಾರು ಸಿಗ್ನಲ್‌ನಲ್ಲಿ ನಿಂತಾಗ ನಡುಗಲು ಶುರುವಾಯಿತು. ಒಂದೆರಡು ಸಲ ಆಫ್ ಕೂಡ ಆಯಿತು. ಅಬ್ಬಾ ಒಂದು ಗ್ಯಾರೇಜಿಗೆ ತೋರಿಸಿದರು. ಅವರು ಥ್ರಾಟಲ್ ಬಾಡಿಯಲ್ಲಿ ಕಾರ್ಬನ್ ಕಟ್ಟಿದೆ ಎಂದು ಅದನ್ನು ಬಿಚ್ಚಿ ಕ್ಲೀನ್ ಮಾಡಿಕೊಟ್ಟರು. ನಡುಕ ಹೋಯಿತು. ಆದರೆ ಇನ್ನೊಂದು ತೊಂದರೆ ಬಂತು. ಆಕ್ಸಿಲರೇಟರ್ ಮೇಲೆ ಕಾಲಿಡದಿದ್ದರೂ ಎಂಜಿನ್ ರೇಸ್ ಆಗುತ್ತಲೇ ಇರುತ್ತಿತ್ತು. ಮೊದಲು ನ್ಯೂಟ್ರಲ್‌ನಲ್ಲಿ 800ರ ಹತ್ತಿರ ನಿಲ್ಲುತ್ತಿದ್ದ ಆರ್‌ಪಿಎಂ ಮುಳ್ಳು ಈಗ 1600ರಿಂದ ಕೆಳಗೆ ಇಳಿಯುತ್ತಿರಲಿಲ್ಲ.

ಮತ್ತೆ ಹೋಗಿ ಕೇಳಿದರೆ, "ಥ್ರಾಟಲ್ ಬಾಡಿನೇ ಹೋಗಿದೆ, ಹೊಸದು ಹಾಕಬೇಕು, ಹದಿನಾಲ್ಕು ಸಾವಿರ ಆಗುತ್ತೆ" ಎಂದರು. ಆ ರಾತ್ರಿ ಅಮ್ಮಿ ಚೀಟಿ ಹಣ ಎತ್ತಿಬಿಡೋಣ ಎಂದರು. ಆ ಚೀಟಿ ಕಟ್ಟುತ್ತಿದ್ದದ್ದು ನನ್ನ ಸಿಎ ಫೌಂಡೇಶನ್ ಕೋಚಿಂಗಿಗೆ. ಅಬ್ಬಾ ಏನೂ ಮಾತಾಡಲಿಲ್ಲ. ಗಾಡಿ ನಿಂತರೆ ಮನೆ ನಡೆಯುವುದಿಲ್ಲ ಎಂದು ನನಗೂ ಗೊತ್ತಿತ್ತು, ಹಾಗಾಗಿ ಬೇಡ ಎನ್ನಲು ಬಾಯಿ ಬರಲಿಲ್ಲ.

ನಾನು ಲೆಕ್ಕದ ಪುಸ್ತಕ ತೆರೆದು ಕುಳಿತೆ. ಕ್ಲೀನ್ ಮಾಡಿಸುವ ಮೊದಲು ಲೀಟರಿಗೆ ಸುಮಾರು 16 ಕಿಲೋಮೀಟರ್ ಬರುತ್ತಿತ್ತು. ನಂತರದ ಎರಡು ವಾರದಲ್ಲಿ ಅದು 13ಕ್ಕೆ ಇಳಿದಿತ್ತು. ಇಳಿದದ್ದು ಸರಿಯಾಗಿ ಕ್ಲೀನ್ ಮಾಡಿಸಿದ ಮರುದಿನದಿಂದ. ಅದರ ಹಿಂದಿನ ವಾರ ರೇಸಿನ ತೊಂದರೆಯೇ ಇರಲಿಲ್ಲ. "ಅಬ್ಬಾ, ನಿನ್ನೆವರೆಗೆ ಚೆನ್ನಾಗಿದ್ದ ಪಾರ್ಟ್ ತೊಳೆದ ಕೂಡಲೇ ಹೇಗೆ ಹಾಳಾಗುತ್ತೆ? ಒಂದು ಸಲ ಮಾಮೂಗೆ ಕೇಳಿ" ಎಂದೆ. ಬೇರೆ ಊರಿನಲ್ಲಿ ಮೆಕ್ಯಾನಿಕ್ ಆಗಿರುವ ಮಾಮು ಭಾನುವಾರ ಸ್ಕ್ಯಾನರ್ ಹಿಡಿದುಕೊಂಡು ಬಂದರು.

ಮಾಮು ಮೊದಲು ಯಾವ ಸ್ಪ್ಯಾನರನ್ನೂ ಮುಟ್ಟಲಿಲ್ಲ. ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಕಾದರು. ತಣ್ಣಗಿರುವ ಎಂಜಿನ್ ಸ್ವಲ್ಪ ಹೊತ್ತು ಜಾಸ್ತಿ ರೇಸಿನಲ್ಲಿ ಓಡುವುದು ಸಹಜವಂತೆ, ಅದನ್ನು ನೋಡಿ ದೋಷ ಎನ್ನಬಾರದಂತೆ. ಆಮೇಲೆ ಎಸಿ ಆಫ್ ಮಾಡಿಸಿ, ಕ್ಲೀನ್ ಮಾಡುವಾಗ ಯಾವುದಕ್ಕೆಲ್ಲ ಕೈ ಹಾಕಿರುತ್ತಾರೋ ಅದನ್ನಷ್ಟೇ ಒಂದೊಂದಾಗಿ ನೋಡಿದರು. ರಬ್ಬರ್ ಪೈಪುಗಳು ಸರಿಯಾಗಿ ಕೂತಿವೆಯೇ, ಕ್ಲಿಪ್ಪು ಬಿಗಿಯಾಗಿದೆಯೇ, ಗ್ಯಾಸ್ಕೆಟ್ ಹರಿದಿದೆಯೇ, ಸೆನ್ಸರಿನ ಸಾಕೆಟ್ ಸಿಕ್ಕಿಸಿದ್ದಾರೆಯೇ ಎಂದು. ಎಲ್ಲಾದರೂ ಬಿರುಕಿದ್ದರೆ ಅಲ್ಲಿಂದ ಕಳ್ಳಗಾಳಿ ಒಳಗೆ ನುಗ್ಗಿ ರೇಸ್ ಏರುತ್ತದೆ. ನಮ್ಮ ಕಾರಿನಲ್ಲಿ ಎಲ್ಲವೂ ಸರಿಯಾಗಿತ್ತು. ಸ್ಕ್ಯಾನರ್ ಹಾಕಿದಾಗ ಪಿ0507 ಎಂಬ ಕೋಡ್ ಬಂತು. ಐಡ್ಲಿಂಗ್ ಇರಬೇಕಾದದ್ದಕ್ಕಿಂತ ಹೆಚ್ಚಿದೆ ಎಂದು ಅದರ ಅರ್ಥ. ಏಕೆ ಎಂದು ಕೋಡ್ ಹೇಳುವುದಿಲ್ಲ.

ಏಕೆ ಎಂದು ಮಾಮು ಹೇಳಿದರು. ಥ್ರಾಟಲ್ ಬಾಡಿಯ ಒಳಗೆ ಒಂದು ದುಂಡನೆಯ ತಗಡಿನ ಬಾಗಿಲು ಇದೆ. ಎಂಜಿನ್‌ಗೆ ಎಷ್ಟು ಗಾಳಿ ಹೋಗಬೇಕು ಎಂಬುದು ಅದು ತೆರೆದಷ್ಟು. ಈಗಿನ ಕಾರುಗಳಲ್ಲಿ ಅದನ್ನು ತೆರೆಯುವುದು ಒಂದು ಸಣ್ಣ ಮೋಟಾರು, ಅಪ್ಪಣೆ ಕೊಡುವುದು ಎಂಜಿನ್ನಿನ ಕಂಪ್ಯೂಟರು. ವರ್ಷಗಟ್ಟಲೆ ಓಡಿದ ಮೇಲೆ ಬಾಗಿಲಿನ ಅಂಚಿಗೆ ಎಣ್ಣೆಯ ಆವಿ, ಮಸಿ ಕಟ್ಟಿಕೊಂಡು ಗಾಳಿಯ ದಾರಿ ಕಿರಿದಾಗುತ್ತದೆ. ಆಗ ಕಂಪ್ಯೂಟರು ಬಾಗಿಲನ್ನು ಸ್ವಲ್ಪ ಸ್ವಲ್ಪವೇ ಹೆಚ್ಚು ತೆರೆದು ಸರಿದೂಗಿಸುತ್ತಾ ಆ ಅಳತೆಯನ್ನು ನೆನಪಿಟ್ಟುಕೊಳ್ಳುತ್ತದೆ. ಮಸಿ ತೆಗೆದ ಮೇಲೂ ನೆನಪು ಹಳೆಯದೇ. ಬಾಗಿಲು ಅಷ್ಟೇ ತೆರೆದಿರುತ್ತದೆ, ಗಾಳಿ ಮಾತ್ರ ಹೆಚ್ಚು ಹೋಗುತ್ತದೆ, ಅದಕ್ಕೆ ತಕ್ಕಂತೆ ಪೆಟ್ರೋಲೂ ಹೋಗುತ್ತದೆ.

ನನಗೆ ತಟ್ಟನೆ ಅರ್ಥವಾಯಿತು. ಸಾಲ ತೀರಿದ್ದರೂ ಹಳೆಯ ಪುಸ್ತಕದ ಬಾಕಿಯನ್ನೇ ಹೊಸ ವರ್ಷದ ಓಪನಿಂಗ್ ಬ್ಯಾಲೆನ್ಸ್ ಎಂದು ಬರೆದುಕೊಂಡ ಹಾಗೆ!

ಮಾಮು ಸ್ಕ್ಯಾನರಿನಿಂದ ಆ ಹಳೆಯ ಅಳತೆಯನ್ನು ಅಳಿಸಿದರು. ನಂತರ ಸ್ವಿಚ್ ಆನ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು, ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ ಹಾಗೇ ಬಿಟ್ಟರು. "ಆಕ್ಸಿಲರೇಟರ್ ಯಾರೂ ಮುಟ್ಟಬೇಡಿ, ಅದು ಕಲಿಯಲಿ" ಎಂದರು. ಕ್ರಮ ಪ್ರತಿ ಕಂಪನಿಯ ಗಾಡಿಗೂ ಬೇರೆ ಬೇರೆ ಇರುತ್ತದೆ, ಮ್ಯಾನ್ಯುಯಲ್ ನೋಡಿಯೇ ಮಾಡಬೇಕು ಎಂದೂ ಹೇಳಿದರು. ನಾನು ಮೀಟರ್ ನೋಡಿ ಬರೆದುಕೊಳ್ಳುತ್ತಿದ್ದೆ: 1550, 1300, 1050, 850. ಹತ್ತು ನಿಮಿಷದಲ್ಲಿ ಮುಳ್ಳು 800ರಲ್ಲಿ ನಿಂತಿತು. ಎಸಿ ಹಾಕಿ ತೆಗೆದು ನೋಡಿದಾಗಲೂ ಅಲ್ಲಿಗೇ ಬಂತು. ಅಬ್ಬಾ ಬಾನೆಟ್ ಮೇಲೆ ಕೈಯಿಟ್ಟು ಸುಮ್ಮನೆ ನಿಂತಿದ್ದರು.

ಹೊಸ ಥ್ರಾಟಲ್ ಬಾಡಿ ಹಾಕಿದ್ದರೂ ಕಂಪ್ಯೂಟರಿಗೆ ಹೀಗೆಯೇ ಮತ್ತೆ ಕಲಿಸಬೇಕಿತ್ತು ಎಂದು ಮಾಮು ಆಮೇಲೆ ಹೇಳಿದರು. ಅಂದರೆ ಹದಿನಾಲ್ಕು ಸಾವಿರ ಕೊಟ್ಟರೂ ಕೊನೆಗೆ ಮಾಡಬೇಕಾದ ಕೆಲಸ ಇದೇ. ಆ ಗ್ಯಾರೇಜಿನವರು ಮೋಸ ಮಾಡಿದರು ಎಂದು ನಾನು ಹೇಳುವುದಿಲ್ಲ. ಅವರ ಬಳಿ ಸ್ಕ್ಯಾನರ್ ಇರಲಿಲ್ಲ ಎಂದು ಅಬ್ಬಾ ಹೇಳಿದರು.

ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದಾಗ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಮುಂದೆ ಹೋಗಬಹುದು. ಆದರೆ ದೋಷ ಪತ್ತೆಯಾಗುವವರೆಗೆ ಆ ಖಾತೆ ಮುಚ್ಚುವುದಿಲ್ಲ ಎಂದು ನಮ್ಮ ಅಕೌಂಟೆನ್ಸಿ ಸರ್ ಹೇಳುತ್ತಾರೆ. ಹುಡುಕದೆ ಹೊಸ ಪಾರ್ಟ್ ಕೊಳ್ಳುವುದೂ ಹಾಗೆಯೇ. ಕೊನೆಗೆ ಬದಲಾದದ್ದು ಯಾವುದು, ಯಾವ ದಿನ ಎಂದು ಮೊದಲು ನೋಡಬೇಕು. ಅದಕ್ಕೆ ಬರೆದಿಟ್ಟ ಲೆಕ್ಕ ಬೇಕು.

ಸ್ನೇಹಿತರೇ, ನಮ್ಮ ಕಾಲೇಜಿನಲ್ಲಿ ಆಟೋ, ಟ್ಯಾಕ್ಸಿ, ಗೂಡ್ಸ್ ಗಾಡಿ ಓಡಿಸುವವರ ಮಕ್ಕಳು ಬಹಳ ಜನ ಇದ್ದೇವೆ. ಒಂದು ನೋಟ್‌ಬುಕ್ ತೆಗೆದುಕೊಂಡು ದಿನಾ ಐದು ನಿಮಿಷ ನಿಮ್ಮ ಮನೆಯ ಗಾಡಿಯ ಲೆಕ್ಕ ಬರೆಯಿರಿ. ನಮ್ಮ ಚೀಟಿ ಇನ್ನೂ ಎತ್ತಿಲ್ಲ, ಬರುವ ಏಪ್ರಿಲ್‌ಗೆ ಮುಗಿಯುತ್ತದೆ.